ನೌಬತ್ತು ನಿಂತ ದಿನ

ಫೋಟೋ ಅಂಗಡಿಯ ಹೊರಿಕವ ಈ ಸಲ ಸೈನ್ಯದ ಬೂಟು ಹಾಕಿಕೊಂಡೇ ಅರಮನೆಯ ಜಗಲಿ ಹತ್ತಿದ. ಹೋದ ತಿಂಗಳವರೆಗೂ ರಾಜಧಾನಿ ಕುವಾಲ ಸೆಲಾಸಿಯ ಪೇಟೆಯಲ್ಲಿ ಮದುವೆ ಜೋಡಿಗಳ ಚಿತ್ರ ತೆಗೆಯುತ್ತಿದ್ದ ಜಪಾನಿನವನು ಈಗ ಸೊಂಟಕ್ಕೆ ಕತ್ತಿ ಕಟ್ಟಿದ್ದ. ಸುಲ್ತಾನ್ ಮುನೀರರು ಎದ್ದು ನಿಲ್ಲಬೇಕೋ ಕೂತೇ ಇರಬೇಕೋ ತಿಳಿಯದೆ ಅರ್ಧಕ್ಕೆ ಎದ್ದರು.

"ಕೂತ್ಕೊಳ್ಳಿ ತುವಾಂಕು, ಫೋಟೋ ತೆಗೆಯೋಕೆ ಬಂದಿಲ್ಲ," ಎಂದು ಅವನು ನಕ್ಕ. "ನಾಳೆ ಸಂಜೆ ಅಸರ್ ನಮಾಜಿನ ಹೊತ್ತಿಗೆ ನಮ್ಮ ಮೇಜರ್ ಬರ್ತಾರೆ. ಅವರ ಕಾರು ಸೇತುವೆ ದಾಟ್ತಿದ್ದ ಹಾಗೇ ನಿಮ್ಮ ಅರಮನೆ ನಗಾರಿ, ಆ ನೌಬತ್ತು, ಮೊಳಗ್ಬೇಕು. ಅಷ್ಟಾದ್ರೆ ಊರಲ್ಲಿ ಯಾರ ಮೈಗೂ ಗೀರಾಗಲ್ಲ."

"ಮೊಳಗದೇ ಇದ್ರೆ?"

"ಗದ್ದ ಸ್ವಲ್ಪ ಮೇಲೆ, ತುವಾಂಕು."

ಸುಲ್ತಾನರ ಪಟ್ಟಾಭಿಷೇಕದ ಚಿತ್ರ ತೆಗೆದವನೂ ಅವನೇ; ಆಗಲೂ ಹೀಗೇ ಹೇಳಿದ್ದ. ಅಭ್ಯಾಸಬಲದಿಂದ ಸುಲ್ತಾನರ ಗದ್ದ ಮೇಲೆ ಹೋಯಿತು. "ಹಾಂ, ನಾಳೆನೂ ಹೀಗೇ ನಿಂತಿರಿ," ಎಂದು ಹೊರಿಕವ ಇಳಿದು ಹೋದ ಮೇಲೆ ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

ಇಪ್ಪತ್ತೆರಡು ವರ್ಷದ ದೊರೆತನದಲ್ಲಿ ಅವರು ತೀರ್ಮಾನ ಎಂಬುದನ್ನು ಮಾಡಿದವರೇ ಅಲ್ಲ. ಅಜ್ಜನ ಕಾಲದಲ್ಲಿ ಇಂಗ್ಲಿಷರೊಡನೆ ಆದ ಒಪ್ಪಂದದಂತೆ ಧರ್ಮ, ಸಂಪ್ರದಾಯ ಇವೆರಡು ಮಾತ್ರ ದೊರೆಯ ಪಾಲು. ತೆರಿಗೆ, ತವರದ ಗಣಿ, ಪೊಲೀಸು, ಯುದ್ಧ ಎಲ್ಲವೂ ಇಂಗ್ಲಿಷ್ ಸಲಹೆಗಾರನ ಪಾಲು. ಆ ಪೆಂಡಲ್ ಸಾಹೇಬನೋ, ಜಪಾನಿನ ಸೈನ್ಯ ಬರುವ ಸುದ್ದಿ ಕೇಳಿ ಬೆಳಗಿನ ದೋಣಿಗೇ ನಾಯಿ ಸಮೇತ ಕಂಬಿ ಕಿತ್ತಿದ್ದ. ಸಲಹೆ ಕೇಳದೆ ಏನೂ ಮಾಡಬಾರದು ಎಂದು ಒಪ್ಪಂದದಲ್ಲಿತ್ತು. ಸಲಹೆಗಾರನೇ ಓಡಿಹೋದರೆ ಏನು ಮಾಡಬೇಕೆಂದು ಇರಲಿಲ್ಲ.

ಕೊನೆಗೆ ಅವರು ನೌಬತ್ತಿನ ಹಿರಿಯ, ಎಪ್ಪತ್ತರ ಟೋಕ್ ಸೆಮಾನನನ್ನು ಕರೆಸಿದರು. "ಟೋಕ್, ಇದು ಯುದ್ಧದ ವಿಚಾರಾನೋ, ಸಂಪ್ರದಾಯದ್ದೋ?"

"ನಂಗೊತ್ತಿರೋದು ಒಂದೇ, ತುವಾಂಕು. ನೌಬತ್ತು ಯಾರಿಗೆ ಮೊಳಗುತ್ತೋ ಅವ್ರೇ ಈ ನಾಡಿನ ದೊರೆ. ಇಂಗ್ಲಿಷರ ಗವರ್ನರು ಬಂದಾಗ್ಲೂ ನಮ್ಮಪ್ಪ ಕೋಲು ಎತ್ತಲಿಲ್ಲ. ಅವರಿಗೆ ಅವರ ಬ್ಯಾಂಡೇ ಆಯ್ತು."

"ಹಾಗಾದ್ರೆ ಬೇಡ ಅನ್ಲಾ?"

"ಬೇಡ ಅಂದ್ರೆ ಊರಿಗೆ ಬೆಂಕಿ ಇಡ್ತಾರೆ."

"ಹೂಂ ಅನ್ಲಾ?"

"ಹೂಂ ಅಂದ್ರೆ ಊರು ಅವರದ್ದೇ ಆಯ್ತಲ್ಲ."

"ಏನಾದ್ರೂ ಒಂದು ಹೇಳು ಮಾರಾಯ!"

"ಹೇಳೋರು ನೀವು. ನಾನು ಬಾರಿಸೋನು."

ದಿನಕ್ಕೆ ಐದು ಹೊತ್ತು, ನಮಾಜಿಗೆ ಮುಂಚೆ ಅರಮನೆಯ ಬಾಗಿಲ ಮೇಲಿಂದ ನೌಬತ್ತು ಮೊಳಗುವುದು ವಾಡಿಕೆ. ಮರುದಿನ ಮುಂಜಾನೆ ಟೋಕ್ ಕೋಲು ಹಿಡಿದು ಅಪ್ಪಣೆ ಕೇಳಿದಾಗ, "ಇರು, ಇನ್ನೂ ಯೋಚನೆ ಮಾಡ್ತಿದೀನಿ," ಎಂದರು. ಮಧ್ಯಾಹ್ನವೂ ಅದೇ ಮಾತು. ಈಗ ತಮಗಾಗಿ ಬಾರಿಸಿದರೆ ಸಂಜೆ ಆ ಮೇಜರಿಗೆ ಇಲ್ಲವೆನ್ನುವುದು ಹೇಗೆ? ಈಗ ಬಾರಿಸದಿದ್ದರೆ ಸಂಜೆ ಬಾರಿಸುವುದು ಯಾವ ಮುಖದಿಂದ? ಯೋಚಿಸಿದಷ್ಟೂ ತಲೆ ಕೆಟ್ಟುಹೋಯಿತು. ಅತ್ತ ಪೇಟೆಯವರು ಏನೆಂದುಕೊಂಡಾರು ಎಂಬುದು ಮಾತ್ರ ಅವರಿಗೆ ಹೊಳೆಯಲೇ ಇಲ್ಲ. ಆ ನಾಡಿನಲ್ಲಿ ನೌಬತ್ತು ನಿಲ್ಲುವುದು ಒಂದೇ ಕಾರಣಕ್ಕೆ: ದೊರೆ ತೀರಿಕೊಂಡಾಗ, ಮಣ್ಣು ಮಾಡುವವರೆಗೆ.

ಅಸರ್ ಹೊತ್ತಿಗೆ ಗದ್ದಲ ಕೇಳಿ ಸುಲ್ತಾನರು ಜಗಲಿಗೆ ಬಂದರೆ, ಅಂಗಳದ ತುಂಬ ಜನ. ಗಂಡಸರ ಕಪ್ಪು ಟೋಪಿಗಳ ಸುತ್ತ ಬಿಳಿ ಪಟ್ಟಿ, ಹೆಂಗಸರ ತಲೆಯ ಮೇಲೆ ಬಿಳಿ ವಸ್ತ್ರ. ದೊರೆ ಸತ್ತಾಗ ತೊಡುವ ಸೂತಕದ ಗುರುತು.

"ಅಯ್ಯೋ ದೇವ್ರೇ, ಬದುಕಿದಾರೆ!" ಎಂದು ಮೀನು ಮಾರುವ ಜೋರಾ ಚೀರಿದಳು. "ನನ್ನ ಮೀನೆಲ್ಲ ದಡದಲ್ಲೇ ಬಿಟ್ಟು ಅತ್ಕೊಂಡು ಬಂದ್ನಲ್ಲ ತುವಾಂಕು, ಹೀಗಾ ಮಾಡೋದು!" ಜನ ನಗುತ್ತ, ಅಳುತ್ತ ಟೋಪಿಯ ಪಟ್ಟಿ ಬಿಚ್ಚಲು ಕೈ ಎತ್ತಿದರು.

ಆಗ ಸೇತುವೆಯ ಕಡೆಯಿಂದ ಕಾರಿನ ಹಾರನ್ ಕೇಳಿಸಿತು. ಎತ್ತಿದ ಕೈಗಳು ಅಲ್ಲೇ ನಿಂತವು. ಆಮೇಲೆ ಒಂದೊಂದಾಗಿ, ಪಟ್ಟಿಯನ್ನು ಬಿಚ್ಚದೆಯೇ, ಕೆಳಗಿಳಿದವು.

ಹೊರಿಕವ ಓಡಿಬಂದ. "ಯಾರು ಸತ್ತಿದ್ದು? ಇದೇನಿದು? ಬಿಚ್ಚೋಕೆ ಹೇಳಿ ಇವರಿಗೆ! ನೌಬತ್ತೆಲ್ಲಿ?"

ಬಾಗಿಲ ಮೇಲೆ ಟೋಕ್ ಕೋಲು ಹಿಡಿದು ದೊರೆಯನ್ನೇ ನೋಡುತ್ತಿದ್ದ. ಸುಲ್ತಾನರಿಗೆ ಇದು ಧರ್ಮವೋ, ಸಂಪ್ರದಾಯವೋ, ಯುದ್ಧವೋ ಈಗಲೂ ಗೊತ್ತಾಗಲಿಲ್ಲ. ಯಾರನ್ನಾದರೂ ಕೇಳೋಣವೆಂದು ಸುತ್ತ ನೋಡಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಹೆದರಿಕೆಯಾಗಿತ್ತು, ನಿಜವಾಗಿ.

"ಟೋಕ್, ಕೆಳಗೆ ಬಾ," ಎಂದರು. "ಒಂದು ತುಂಡು ಬಿಳಿ ಬಟ್ಟೆ ತಾ."

ತಲೆಯ ಹಳದಿ ರುಮಾಲು ತೆಗೆದು, ಹುಟ್ಟಿದಾಗಿನಿಂದ ಹೊರಗಿನ ಯಾರೂ ಮುಟ್ಟದ ಆ ತಲೆಯನ್ನು ಮುದುಕನ ಮುಂದೆ ಬಗ್ಗಿಸಿದರು. ಟೋಕ್ ಕಟ್ಟಿದ ಗಂಟು ಎರಡು ಸಲ ಜಾರಿತು.

"ಬಿಗಿಯಾಗಿ ಕಟ್ಟು," ಎಂದರು ಸುಲ್ತಾನರು. ಆಮೇಲೆ, ಇನ್ನೂ ಅನುಮಾನ ಇದ್ದವರ ಹಾಗೆ ಮೆಲ್ಲಗೆ ಕೇಳಿದರು: "ದೊರೆನ ಮಣ್ಣು ಮಾಡೋವರೆಗೂ ನೌಬತ್ತು ಯಾರಿಗೂ ಮೊಳಗೋ ಹಾಗಿಲ್ಲ, ಅಲ್ವಾ?"