ಹದಿನೇಳನೆಯವನ ತಾಯಿ

ಜಾಹಿದನ ಈಜುಚಡ್ಡಿಗೆ ಮೂವತ್ತೆಂಟು ಸಾವಿರ. ಆ ದುಡ್ಡಿಗೆ ಒಂದೂವರೆ ಲಾರಿ ಟೈರು ಬರುತ್ತದೆ ಎಂದು ಅವನ ಅಪ್ಪ ಮಕ್ಸೂದ್ ಅಂಗಡಿಯಲ್ಲೇ ಲೆಕ್ಕ ಹಾಕಿದ್ದ. ಟೈರಾದರೆ ಐವತ್ತು ಸಾವಿರ ಕಿಲೋಮೀಟರ್ ಓಡುತ್ತದೆ, ಇದು ಓಡುವುದು ಐವತ್ತು ಮೀಟರ್. ಆದರೂ ಮಗ ಹತ್ತಾರು ದೇಶದವರು ಸೇರುವ ಕ್ರೀಡಾಕೂಟಕ್ಕೆ ಹೊರಟಿದ್ದ. ಕೊಡಿಸಿದ. ಇವತ್ತು ಬೆಳಿಗ್ಗೆ ಆ ಚಡ್ಡಿ ತನ್ನ ಐವತ್ತು ಮೀಟರ್ ಫ್ರೀಸ್ಟೈಲ್ ಓಡಿತು. ಟಿವಿಯಲ್ಲಿ ಎಂಟು ಜನ ಒಟ್ಟಿಗೆ ನೀರಿಗೆ ಹಾರಿದರು, ನೊರೆ ಎದ್ದಿತು, ತಾಯಿ ಕುಬ್ರಾ ಎದೆಯ ಮೇಲಿನ ಕೈ ತೆಗೆಯುವುದರೊಳಗೆ ಎಲ್ಲ ಮುಗಿದೇ ಹೋಯಿತು. ಜಾಹಿದ್ ಮೊದಲನೆಯವನು! ಅವರ ಊರು ಆನೇಮಹಲಿನಲ್ಲಿ ಲಾರಿ ನಿಲ್ಲಿಸುವ ಜಾಗಕ್ಕೆ, ಅಕ್ಕಪಕ್ಕದ ಮನೆಗಳಿಗೆ, ಐದು ಕೆಜಿ ಮೈಸೂರುಪಾಕು ಹೋಯಿತು.

ಹಂಚಿ ಮುಗಿಯುವ ಮೊದಲೇ ಜಾಹಿದನ ಫೋನ್ ಬಂತು.

"ಅಬ್ಬಾ, ನಾನು ಹದಿನೇಳನೇವ್ನು."

"ಏನೋ ಹಂಗಂದ್ರೆ? ನಾವೇ ನೋಡಿದ್ವಲ್ಲೋ. ಫಸ್ಟ್ ಬಂದೆ ಕಣೋ ನೀನು!"

"ನಮ್ಮ ಗುಂಪಲ್ಲಿ ಫಸ್ಟು. ಅಂಥ ಒಂಬತ್ತು ಗುಂಪವೆ. ಎಲ್ಲಾರ ಟೈಮೂ ಒಟ್ಟಿಗಿಟ್ಟು ನೋಡಿ, ಮೊದಲ ಹದಿನಾರು ಜನಾನ ಸಾಯಂಕಾಲದ ಸೆಮಿಫೈನಲ್‌ಗೆ ತಗಳ್ತಾರೆ. ನಾನು ಹದಿನೇಳು."

"ಹಂಗಾದ್ರೆ ಸೋತ್ಯಾ?"

"ಸೋತಿಲ್ಲ. ಗೆದ್ದೂ ಇಲ್ಲ. ರಿಸರ್ವ್ ಅಂತ ಇಟ್ಟವ್ರೆ. ಆ ಹದಿನಾರರಲ್ಲಿ ಯಾರಾದ್ರೂ ಒಬ್ಬ ಬರ್ದೇ ಹೋದ್ರೆ ನನ್ನ ಇಳಿಸ್ತಾರೆ. ಚಡ್ಡಿ ಹಾಕ್ಕಂಡು ಕಾಯ್ತಿರ್ಬೇಕು. ಅಮ್ಮಿಗೆ ದುವಾ ಮಾಡಕ್ಕೆ ಹೇಳಿ ಅಬ್ಬಾ. ಇದು ತಪ್ಪಿದ್ರೆ ಇನ್ನು ನಾಲ್ಕು ವರ್ಷ. ಅಷ್ಟೊತ್ತಿಗೆ ಮೈ ಹಿಂಗಿರಲ್ಲ," ಎಂದ.

ಮಕ್ಸೂದ್ ಕೈಯಲ್ಲಿದ್ದ ಮೈಸೂರುಪಾಕಿನ ತುಂಡನ್ನು ತಿನ್ನುವುದೋ ಡಬ್ಬಿಗೆ ಹಾಕುವುದೋ ತಿಳಿಯದೆ ನಿಂತ. ಕುಬ್ರಾಳ ಪೇಚಾಟ ಅದಕ್ಕಿಂತ ದೊಡ್ಡದು. ಮಗನಿಗಾಗಿ ಏನು ಬೇಕಾದರೂ ಬೇಡಿಯಾಳು. ಆದರೆ ಏನೆಂದು ಬೇಡುವುದು? ಚೆನ್ನಾಗಿ ಈಜಲಿ ಎನ್ನೋಣವೆಂದರೆ ಈಜಿದ್ದಾಗಿದೆ. ಇನ್ನು ಅವನು ನೀರಿಗಿಳಿಯಬೇಕಾದರೆ ಮತ್ತೊಬ್ಬ ತಾಯಿಯ ಮಗ ಇಳಿಯದೇ ಹೋಗಬೇಕು. ಪಕ್ಕದ ಮನೆಯ ಸುಲೋಚನಮ್ಮ ಮೈಸೂರುಪಾಕಿನ ತಟ್ಟೆಯನ್ನು ಖಾಲಿ ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿಕೊಂಡು ಬಂದವರು, ವಿಷಯ ಕೇಳಿ ಜಗಲಿಯ ಮೇಲೇ ಕೂತರು.

"ಅದಕ್ಯಾಕೆ ಇಷ್ಟು ಯೋಚ್ನೆ ಮಾರಾಯ್ತಿ? ಯಾವನಾದ್ರೂ ಒಬ್ಬನಿಗೆ ಒಂಚೂರು ಜ್ವರ ಬರ್ಲಿ ಅಂತ ಕೇಳು. ದೊಡ್ಡದೇನೂ ಬ್ಯಾಡ."

"ಜ್ವರ ಬರ್ಲಿ ಅಂತ ಹೆಂಗಕ್ಕ ಕೇಳೋದು?"

"ಹೋಗ್ಲಿ, ಹಲ್ಲುನೋವು."

"ಹಲ್ಲುನೋವಿಗೆ ಯಾರಕ್ಕ ಈಜೋದ್ ಬಿಡ್ತಾರೆ?"

"ಹಂಗಾದ್ರೆ ಭೇದಿ. ಒಂದಿನದ್ದು. ನಾಳೆ ಮಜ್ಜಿಗೆ ಕುಡುದ್ರೆ ಸರಿಹೋಗ್ತದೆ."

ಮಕ್ಸೂದನಿಗೆ ಆ ಗೊಂದಲದಲ್ಲೂ ನಗು ಬಂತು. "ಅವೆಲ್ಲ ಬ್ಯಾಡ ಕಣೇ. ಯಾವನಾದ್ರೂ ಒಬ್ಬನ ಬಸ್ಸು ದಾರೀಲಿ ಸಿಕ್ಕಾಕ್ಕಳ್ಳಿ ಅನ್ನು. ಯಾರ ಮೈಗೂ ನೋವಿಲ್ಲ."

ಕುಬ್ರಾ ಗಂಡನ ಮುಖವನ್ನೇ ನೋಡಿದಳು. ಈ ಮನುಷ್ಯ ಕಾಫಿ ಮೂಟೆ ಹೇರಿಕೊಂಡು ಶಿರಾಡಿ ಘಾಟಿ ಇಳಿಯುವ ದಿನವೆಲ್ಲ ಅವಳು ಬೇಡುತ್ತ ಬಂದದ್ದು ಒಂದೇ ಮಾತು: ದಾರಿಯಲ್ಲಿ ಯಾರಿಗೂ ಏನೂ ಆಗದಿರಲಿ. ತನ್ನ ಗಂಡನೊಬ್ಬನಿಗೆಂದು ಬೇಡಿದರೆ ಘಾಟಿಯಲ್ಲಿ ನಡೆಯುವುದಿಲ್ಲ. ಯಾವನದೋ ಟ್ಯಾಂಕರ್ ತಿರುವಿನಲ್ಲಿ ಮಗುಚಿದರೆ ಹಿಂದಿನವರೆಲ್ಲ ಬೆಳಗಿನವರೆಗೆ ಅಲ್ಲೇ. ಆದರೆ ಈಜುಕೊಳದಲ್ಲಿ ಎಂಟು ಜನಕ್ಕೆ ಎಂಟು ದಾರಿ, ನಡುವೆ ಹಗ್ಗ. ಅಲ್ಲಿ ಒಬ್ಬ ನಿಂತರೇ ಇನ್ನೊಬ್ಬನಿಗೆ ದಾರಿ. ಅಂಥ ಕಡೆ ಬೇಡುವುದು ಹೇಗೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇಳಿಹೊತ್ತಿನ ಅಸರ್ ನಮಾಜ್ ಮುಗಿಸಿ ಅವಳು ಕೈ ಎತ್ತಿದಳು. ಜ್ವರ ಬಾಯಿಗೆ ಬರಲಿಲ್ಲ. ಭೇದಿ ಎನ್ನಲು ನಾಚಿಕೆಯಾಯಿತು. ಕೊನೆಗೆ ಬಸ್ಸು ಎಂದು ಶುರು ಮಾಡಿದಳು. ಬಸ್ಸು ಎಂದದ್ದೇ ತಡ, ನಾಲಿಗೆ ತನ್ನ ಹಳೇ ದಾರಿ ಹಿಡಿದು ಓಡಿಬಿಟ್ಟಿತು: ಯಾರಿಗೂ ಏನೂ ಆಗದಿರಲಿ. ಮುಖದ ಮೇಲೆ ಕೈ ಸವರಿಕೊಂಡ ಮೇಲೆಯೇ ತಾನು ಬೇಡಿದ್ದೇನೆಂದು ಅವಳಿಗೆ ಹೊಳೆದದ್ದು. ಬೇಡಿದ್ದನ್ನು ವಾಪಸ್ ತೆಗೆದುಕೊಳ್ಳಬಹುದೇ? ತೆಗೆದುಕೊಂಡರೆ ಅದು ಯಾರ ಮಗನ ಮೇಲೆ ಬೀಳುತ್ತದೆ? ತುಂಬಾ ಹೊತ್ತು ಚಾಪೆಯಿಂದ ಏಳಲಿಲ್ಲ.

ದೀಪ ಹಾಕುವ ಹೊತ್ತಿಗೆ ಜಾಹಿದ್ ಮತ್ತೆ ಫೋನ್ ಮಾಡಿದ.

"ಹದಿನಾರು ಜನಾನೂ ಬಂದ್ಬುಟ್ರು ಅಮ್ಮಿ. ಈ ಸಲ ಚಡ್ಡಿ ಒದ್ದೇನೇ ಆಗ್ಲಿಲ್ಲ." ಅವನು ನಗಲು ನೋಡಿದ. "ಒಬ್ಬ ಭುಜ ಹಿಡ್ಕಂಡೈತೆ, ಕೈ ಎತ್ತಕ್ಕಾಗಲ್ಲ ಅಂತ ಐಸ್ ಇಟ್ಕಂಡು ಕೂತಿದ್ದ. ನನ್ನ ರೆಡಿ ಇರು ಅಂತ ಕರೆದೂ ಆಗಿತ್ತು. ಕೊನೇ ಗಳಿಗೇಲಿ ನೋವು ಹೋಯ್ತು ಅಂತ ಎದ್ದು ಹೋಗ್ಬುಟ್ಟ."

"ಎಷ್ಟೊತ್ತಿಗಪ್ಪ ಅವನಿಗೆ ವಾಸಿಯಾಗಿದ್ದು?"

"ನಿಮ್ಮ ಅಸರ್ ಹೊತ್ತಿರ್ಬೇಕು. ಯಾಕಮ್ಮಿ?"

ಅವಳು ಫೋನನ್ನು ಗಂಡನ ಕೈಗೆ ಕೊಟ್ಟು ಹೊರಗೆ ಬಂದಳು.

"ಏನಾಯ್ತೇ ಕುಬ್ರಾ?" ಎಂದು ಸುಲೋಚನಮ್ಮ ಕಾಂಪೌಂಡಿನ ಆಚೆಯಿಂದ ಕತ್ತು ಚಾಚಿದರು.

"ಯಾರಿಗೂ ಏನೂ ಆಗ್ಲಿಲ್ವಂತೆ ಅಕ್ಕ."

ಘಾಟಿಯಿಂದ ಲಾರಿ ಬಂದಾಗಲೆಲ್ಲ ಹೇಳಿ ಹೇಳಿ ರೂಢಿಯಾಗಿದ್ದ ಮಾತು ಸುಲೋಚನಮ್ಮನ ಬಾಯಿಂದ ಬಂದೇಬಿಟ್ಟಿತು: "ಸದ್ಯ! ಒಳ್ಳೇದಾಯ್ತು ಬಿಡು."