ತಿಥಿಗೊಂದು ಕಾಗೆ

ಮಾರನೆಯ ದಿನ ಅಪ್ಪನ ತಿಥಿ. ಮನೆಯಲ್ಲಿದ್ದ ಕಾಗೆಯ ಪಟವನ್ನು ಜಿರಳೆಗಳು ತಿಂದುಹಾಕಿದ್ದವು. ಕಾಗೆಗಳು ಇಲ್ಲವಾದ ಮೇಲೆ ಪುರೋಹಿತರು ಪ್ರತಿವರ್ಷ ಆ ಪಟವನ್ನೆತ್ತಿ, ಅದರ ಕೊಕ್ಕನ್ನು ಪಿಂಡಕ್ಕೆ ಮುಟ್ಟಿಸುತ್ತಿದ್ದರು. ಅನ್ನದ ಪಸೆ ಗಾಜಿನ ಸಂದಿಯಿಂದ ಒಳಗಿಳಿದಿತ್ತು. ಹೊಸದು ಕೊಳ್ಳಲು ಅಮ್ಮನನ್ನು ಕರೆದುಕೊಂಡು ಮುನೀರ್ ಸಾಹೇಬರ ಫ್ರೇಮ್ ಅಂಗಡಿಗೆ ಹೋದೆ.

ಗೋಡೆಯ ತುಂಬ ಬ್ರಿಟಿಷರ ಕಾಲದ ಹಕ್ಕಿಚಿತ್ರಗಳ ಪಡಿಯಚ್ಚುಗಳು. ಅವುಗಳಲ್ಲಿ ಒಂದು ಹಕ್ಕಿಯೂ ಈಗ ಬದುಕಿಲ್ಲ. ಒಬ್ಬ ಹೆಂಗಸು ಕಿಟಕಿ ಪರದೆಯ ಬಟ್ಟೆಯ ತುಂಡೊಂದನ್ನು ಗಿಳಿಯ ಪಕ್ಕ ಹಿಡಿದು ನೋಡುತ್ತಿದ್ದಳು.

"ಇದೇ ಗಿಳಿ ಸ್ವಲ್ಪ ನೀಲಿ ಬಣ್ಣದಲ್ಲಿ ಸಿಗುತ್ತಾ?"

"ಮಾಡಿಸಿಕೊಡ್ತೀನಿ ಮೇಡಂ," ಎಂದರು ಸಾಹೇಬರು.

ನಾನು ಕಾಗೆ ಕೇಳಿದೆ.

"ಕಾಗೆ ಬರ್ತಿಲ್ಲ ಸಾರ್. ಸೋಫಾ ಮೇಲಿನ ಗೋಡೆಗೆ ಕಾಗೆ ಯಾರು ಹಾಕ್ತಾರೆ? ಅಚ್ಚು ಹಾಕೋದೇ ನಿಲ್ಲಿಸಿಬಿಟ್ಟಿದಾರೆ." ಒಳಗಿನಿಂದ ಒಂದು ಪಟ ತಂದು ಧೂಳು ಒರೆಸಿ ಮೇಜಿನ ಮೇಲಿಟ್ಟರು. "ಇದು ತಗೊಳ್ಳಿ, ಇದೂ ಕಪ್ಪೇ. ತಿಥಿಗೆ ಎಲ್ಲರೂ ಇದನ್ನೇ ಒಯ್ತಿದಾರೆ. ಭಟ್ಟರೂ ಏನೂ ಅನ್ನಲ್ಲ."

ಅಮ್ಮ ಕನ್ನಡಕ ಏರಿಸಿಕೊಂಡು ಹಕ್ಕಿಯ ಕೆಂಪು ಕಣ್ಣನ್ನೇ ನೋಡಿದಳು.

"ಇದು ಕೋಗಿಲೆ."

"ಬಿಡಮ್ಮ, ಬೇರೆ ಕಡೆ ನೋಡೋಣ," ಎಂದೆ.

"ಎಲ್ಲಿ ಅಂತ ನೋಡ್ತೀಯ? ಕಾಗೆ ಗೂಡಲ್ಲಿ ಹುಟ್ಟಿ, ಕಾಗೆ ಮರಿಗಳ ಗುಟುಕು ತಿಂದು ಬೆಳೆದಿದ್ದು ಇದು. ಪಿಂಡಾನೂ ಇದೇ ತಿನ್ನಲಿ."

ಅವಳು ಪಟವನ್ನು ಸಾಹೇಬರತ್ತ ಸರಿಸಿದಳು.

"ಕಟ್ಟಿಕೊಡಿ."