ದನಿ ಬಿಟ್ಟು ಹೊಕ್ಕ ಕಾಡು

“ಪ್ಲಾಸ್ಟಿಕ್ ಬಾಟಲಿ ಈ ಬುಟ್ಟಿಗೆ, ದನಿ ಆ ಡಬ್ಬಿಗೆ. ಮಂಗಟ್ಟೆ ಹಕ್ಕಿ ಮೊಟ್ಟೆಯಿಟ್ಟಿದೆ, ಸದ್ದಾಗಬಾರದು” ಎಂದ ಕಾಡಿನ ಚೆಕ್‌ಪೋಸ್ಟಿನ ಗಾರ್ಡ್ ಬೋಜಯ್ಯ.

ನನ್ನ ದನಿ ಸಾಮಾನ್ಯದ್ದೇ? ನಾನು ದಾವಣಗೆರೆಯಲ್ಲಿ ಕೆಮ್ಮಿದರೆ ಹರಿಹರದಲ್ಲಿ ತೊಟ್ಟಿಲ ಕೂಸು ಏಳುತ್ತದೆ. ತುಂಬಲು ಮೂರು ಡಬ್ಬಿ ಬೇಕಾದವು. ಹೆಂಡತಿ ನೀಲಾಂಬಿಕೆಯದು ಒಂದರ ತಳವನ್ನೂ ಮುಚ್ಚಲಿಲ್ಲ.

ಒಂದು ಮೈಲಿ ನಡೆದಿದ್ದೆವು. ಮುಂದಿದ್ದ ಅವಳ ಪಾದದ ಪಕ್ಕದಲ್ಲೇ ತೆಂಗಿನ ಮರದಷ್ಟು ಉದ್ದದ ಕಾಳಿಂಗ ಹೆಡೆಯೆತ್ತಿತು. ಸರಿ, ಅರ್ಧ ಮರದಷ್ಟು. ಕೂಗಲು ಬಾಯಿ ತೆರೆದೆ; ಬರೀ ಗಾಳಿ ಬಂತು. ಅವಳ ರಟ್ಟೆ ಹಿಡಿದು ನಿಲ್ಲಿಸಿದೆ.

ಅವಳು ತಿರುಗಿ, ಹಾವನ್ನಲ್ಲ, ನನ್ನ ಹೆಗಲಾಚೆ ನೋಡಿದಳು. ಮುಖ ಬಿಳುಚಿಕೊಂಡಿತು. ಅವಳೂ ಬಾಯಿ ತೆರೆದಳು, ಅಲ್ಲೂ ಗಾಳಿಯೇ. ಅಷ್ಟರಲ್ಲಿ ನನ್ನ ಕತ್ತಿನ ಮೇಲೆ ಬಿಸಿಯುಸಿರು ಬಿತ್ತು. ತಿರುಗುವ ಧೈರ್ಯ ನನಗಾಗಲಿಲ್ಲ. ಕೈ ಕೈ ಹಿಡಿದು ಹತ್ತು ವರ್ಷ ಹಾಗೇ ನಿಂತೆವು. ಕೊನೆಗೆ ಹಾವು ತರಗೆಲೆಯೊಳಗೆ ಸರಿಯಿತು. ಕತ್ತಿನ ಬಿಸಿಯೂ ಆರಿತು.

ಚೆಕ್‌ಪೋಸ್ಟಿಗೆ ಮರಳಿ ದನಿ ಕೈಗೆ ಬಂದೊಡನೆ, “ನಿನ್ನ ಕಾಲ ಹತ್ರ ಕಾಳಿಂಗ ಇತ್ತು ಕಣೇ” ಎಂದೆ.

“ಇರಲಿ ಬಿಡಿ” ಎಂದಳು ಮೆಲ್ಲಗೆ. “ನಿಮ್ಮ ಹಿಂದೆ ಏನಿತ್ತು ಅಂತ ಮಾತ್ರ ಕೇಳಬೇಡಿ.”

ಇವತ್ತಿನವರೆಗೂ ಕೇಳಿಲ್ಲ.